ನೋವಿನ ನಡುವಣ ವಿರಾಮ: ತುಂಗಭದ್ರಾ ತೀರದ ಆಕರಗಳಿಂದ ಒಂದು ವಿಚಾರ

ಚರಿತ್ರೆಯ ಆಕರಗಳಲ್ಲಿ ರೋಗವು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ಉಲ್ಲೇಖಿತವಾಗುತ್ತದೆ: ಅದು ಪ್ರಾಣವನ್ನು ಕೊಂಡೊಯ್ದಾಗ, ಇಲ್ಲವೆ ದೈವಕೃಪೆಯಿಂದಲೋ ವೈದ್ಯನ ಕೈಗುಣದಿಂದಲೋ ವಾಸಿಯಾದಾಗ. ಕೊಲ್ಲದೆ, ವಾಸಿಯೂ ಆಗದೆ, ಬಂದು ಹೋಗಿ ಮತ್ತೆ ಬರುವ ನೋವಿಗೆ ಅಲ್ಲಿ ಎಡೆಯಿಲ್ಲ. ತಲೆನೋವು ಇಂಥ ವ್ಯಾಧಿಗಳಲ್ಲಿ ಮುಖ್ಯವಾದುದು. ಅದನ್ನು ಹೊತ್ತು ಬಾಳಿದವರ, ವಿಶೇಷವಾಗಿ ಅವರಿಗೆ ದೊರೆತ ನೋವಿಲ್ಲದ ಗಳಿಗೆಗಳ, ಸುಳಿವು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಪ್ರದೇಶದ ಆಕರಗಳಲ್ಲಿ ಎಷ್ಟರಮಟ್ಟಿಗೆ ದೊರೆಯುವುದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಂಪ್ಲಿಯನ್ನು ನೋಡೋಣ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಕಲ್ಯಾಣದ ಚಾಲುಕ್ಯರ ಅರಮನೆಯಿತ್ತು. ಅದನ್ನು ಕೆಡವಿದುದಾಗಿ ಚೋಳರ ಶಾಸನಗಳು ಹೇಳಿಕೊಳ್ಳುತ್ತವೆ. ಆ ಯುದ್ಧಗಳನ್ನು ಎದುರಿಸಿದ ಆಹವಮಲ್ಲ ಸೋಮೇಶ್ವರನು ಗುಣವಾಗದ ಜ್ವರದಿಂದ ಬಳಲಿ, 1068ರಲ್ಲಿ ಇದೇ ನದಿಯ ಮೇಲ್ಭಾಗದ ಕುರುವತ್ತಿಯಲ್ಲಿ ಜಲಪ್ರವೇಶ ಮಾಡಿದನು. ಬಿಲ್ಹಣನ ಕಾವ್ಯವೂ ಶಾಸನವೂ ಈ ಅಂತ್ಯವನ್ನು ದಾಖಲಿಸಿವೆ. ಆದರೆ ರೋಗವು ಬಿಡುವು ಕೊಟ್ಟ ದಿನಗಳಲ್ಲಿ ಅರಸನು ಹೇಗಿದ್ದನೆಂಬುದನ್ನು ಯಾರೂ ಬರೆದಿಡಲಿಲ್ಲ.

ಹಂಪೆಯ ವಿಷಯದಲ್ಲಿ ನಮ್ಮ ಅದೃಷ್ಟ ಸ್ವಲ್ಪ ಮೇಲು. ಇಲ್ಲಿ ಒಬ್ಬನೇ ಅರಸನ ಬಗೆಗೆ ಇಬ್ಬರು ಪೋರ್ಚುಗೀಸರ ಬರಹಗಳಿವೆ. ಕೃಷ್ಣದೇವರಾಯನಿಗೆ ತೊಡೆಸಂದಿನಲ್ಲಿ ನೋವು ಕಾಣಿಸಿಕೊಂಡಿತೆಂದೂ, ವಿಜಯನಗರದ ಅರಸರೆಲ್ಲರೂ ಆ ವ್ಯಾಧಿಯಿಂದಲೇ ಸಾಯುವರೆಂದೂ ನೂನಿಜ್ ಬರೆಯುತ್ತಾನೆ. ಇದು ಮರಣದ ಕಡೆಯಿಂದ ನೋಡಿದ ಚಿತ್ರ. ಸುಮಾರು 1520ರಲ್ಲಿ ರಾಜಧಾನಿಯನ್ನು ಕಂಡ ಪಾಯೆಸ್ ಬೇರೊಂದು ಚಿತ್ರವನ್ನು ಕೊಡುತ್ತಾನೆ. ಅರಸನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಸವರಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಬೆವರಿನೊಡನೆ ಎಣ್ಣೆಯೆಲ್ಲ ಇಳಿಯುವವರೆಗೆ ಕತ್ತಿ ಬೀಸಿ, ಅನಂತರ ಕುಸ್ತಿ ಮಾಡಿ, ಕುದುರೆ ಸವಾರಿ ಹೊರಡುತ್ತಿದ್ದನಂತೆ. ವಿದ್ವಾಂಸರು ಇದನ್ನು ಅರಸನ ಪರಾಕ್ರಮಕ್ಕೆ ನಿದರ್ಶನವಾಗಿ ಉದಾಹರಿಸುವುದುಂಟು. ಇದನ್ನು ನೋವಿಲ್ಲದ ಒಂದು ಮುಂಜಾವಿನ ದಾಖಲೆಯೆಂದೂ ಓದಬಹುದೆಂಬುದು ನಮ್ಮ ಅಭಿಪ್ರಾಯ. ದೇಹವು ಮಾತು ಕೇಳುತ್ತಿರುವ ಹೊತ್ತನ್ನು ಅರಸನು ವ್ಯರ್ಥಗೊಳಿಸಲಿಲ್ಲ.

ವಿರಾಮವನ್ನು ನಿಜವಾಗಿ ಗಣನೆಗೆ ತಂದವರು ಪ್ರಾಚೀನ ವೈದ್ಯರು. ಸುಶ್ರುತಸಂಹಿತೆಯು ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಅರ್ಧಾವಭೇದಕವೆಂಬುದು ನಮ್ಮ ಜನರು ಅರೆತಲೆನೋವೆಂದು ಕರೆಯುವ ವ್ಯಾಧಿ. ಅದು ಹದಿನೈದು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಅಥವಾ ಅಕಸ್ಮಾತ್ತಾಗಿ ಬರುವುದೆಂದು ಹೇಳಿದೆ. ಸೂರ್ಯಾವರ್ತವೆಂಬ ಇನ್ನೊಂದು ಬಗೆಯು ಸೂರ್ಯೋದಯದೊಡನೆ ಮೊದಲಾಗಿ, ನಡುಹಗಲಿನವರೆಗೆ ಏರಿ, ಹೊತ್ತು ಇಳಿದಂತೆ ತಾನೂ ಇಳಿಯುವುದು. ಇಲ್ಲಿ ನೋವಿಲ್ಲದ ಕಾಲವು ರೋಗದ ಹೊರಗಿನದಲ್ಲ, ಅದರ ಲಕ್ಷಣದಲ್ಲಿಯೇ ಸೇರಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ವ್ಯಾಧಿಯ ಪರಿಚಯ ನಮಗೆ ಗ್ರಂಥಗಳಿಂದ ಮಾತ್ರ ಆದುದಲ್ಲ. ಅನೇಕ ವರ್ಷಗಳಿಂದ ನಾವು ಅದರೊಡನೆ ಬಾಳುತ್ತಿದ್ದೇವೆ. ಬೇಸಗೆಯಲ್ಲಿ ಹಂಪೆಯ ಬಂಡೆಗಳ ನಡುವೆ ಶಾಸನಗಳನ್ನು ಓದುವಾಗ, ಕಲ್ಲಿನ ಮೇಲಣ ಬಿಸಿಲು ಕಣ್ಣಿಗೆ ಚುಚ್ಚಿ, ಅಕ್ಷರಗಳು ಕಲೆಸಿಹೋಗಿ, ಯಾವುದೋ ಮಂಟಪದ ನೆರಳಿನಲ್ಲಿ ಕಣ್ಣುಮುಚ್ಚಿ ಮಲಗಿದ ದಿನಗಳುಂಟು. ನೋವು ಇಳಿದ ಮೇಲೆ ಅದೇ ಸಾಲನ್ನು ಓದಿದಾಗ ಆಗುವ ಹಿಗ್ಗು ಹೊಸ ಶಾಸನವೊಂದು ದೊರೆತಾಗಿನ ಹಿಗ್ಗಿಗಿಂತ ಕಡಿಮೆಯದಲ್ಲ. ನೋವು ಮರಳಿ ಬರುವುದೆಂದು ತಿಳಿದೇ ಇರುತ್ತದೆ. ಆದರೂ ಆ ಹೊತ್ತು ನಮ್ಮದು.

ಆದರೆ ಈ ವಿರಾಮವು ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಸಂಡೂರಿನ ಬೆಟ್ಟಗಳಲ್ಲಿ, ಮೂರು ಸಾವಿರ ಅಡಿಗೂ ಮೇಲ್ಪಟ್ಟ ರಾಮದುರ್ಗದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರಿಗಾಗಿ ಆರೋಗ್ಯಧಾಮವನ್ನು ಏರ್ಪಡಿಸಿದ್ದರು. ಸಂಡೂರು ಆಗ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಬಯಲಿನ ಬೇಗೆಯಿಂದ ಬಳಲಿದ ದಂಡಿನವರಿಗೆ ತಂಪಾದ ಬೆಟ್ಟವೊಂದಿತ್ತು. ಅದೇ ಬಯಲಿನಲ್ಲಿ ವಿಜಯನಗರದ ಕಾಲುವೆಗಳ ನೀರಿನಿಂದ ಗದ್ದೆ ಮಾಡಿದ ಕಂಪ್ಲಿ, ಹೊಸಪೇಟೆಗಳ ರೈತರಿಗೆ, ನಾಟಿ ಹಾಕಿದ ಹೆಂಗಸರಿಗೆ ಇದ್ದುದು ಹಣೆಗೆ ಬಿಗಿದ ಬಟ್ಟೆ, ನೆತ್ತಿಗೆ ತಟ್ಟಿದ ಎಣ್ಣೆ, ಮರದ ನೆರಳು. ಅವರ ತಲೆನೋವಿಗೆ ದಾಖಲೆಯಿಲ್ಲ. ಅದು ಇಳಿದ ಸಂಜೆಗೂ ಇಲ್ಲ.

ಇದು ಕೆಲವರ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 2,329 ವಯಸ್ಕರನ್ನು ವಿಚಾರಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವರ್ಷವೊಂದರಲ್ಲಿ ಮೈಗ್ರೇನಿನಿಂದ ಬಳಲುವವರು ಶೇಕಡಾ 25.2, ಎಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಹೆಚ್ಚು. ಹಿಂದಿನ ಕಾಲಕ್ಕೆ ಈ ಸಂಖ್ಯೆಯನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ ಕಾಲುವೆ ತೋಡಿದವರಲ್ಲಿ, ಕಲ್ಲು ಕಡೆದವರಲ್ಲಿ, ಓಲೆ ಬರೆದವರಲ್ಲಿ ಇಂಥವರು ಇರಲೇ ಇಲ್ಲವೆನ್ನುವುದು ಸಾಧ್ಯವಿಲ್ಲ.

ನೋವು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆಂದು ಹೇಳುವುದು ನಮ್ಮ ಆಶಯವಲ್ಲ. ಅದು ಹೊತ್ತನ್ನು ತಿನ್ನುತ್ತದೆ, ಅಷ್ಟೆ. ಮಾಡಬೇಕಾದುದನ್ನೆಲ್ಲ ಅದು ಬಿಟ್ಟುಕೊಟ್ಟ ಹೊತ್ತಿನಲ್ಲಿಯೇ ಮಾಡಬೇಕು. ಹಂಪೆಯ ಕೆತ್ತನೆಗಳಲ್ಲಿ ಎಷ್ಟೋ ಗೆರೆಗಳು ಅಂಥ ಹೊತ್ತಿನಲ್ಲಿ ಮೂಡಿದುವಾಗಿರಬೇಕು. ಶಾಸನವು ಬಿಟ್ಟುದನ್ನು ಕೃತಿಯು ಉಳಿಸಿಕೊಂಡಿದೆ. ಅದನ್ನು ಆ ದೃಷ್ಟಿಯಿಂದಲೂ ಓದುವುದು ಚರಿತ್ರೆಯ ವಿದ್ಯಾರ್ಥಿಗೆ ಸೇರಿದ ಕೆಲಸ.