ಸೋಮಾರಿ ಕಣ್ಣೂ ಏಳು ವರ್ಷದ ಗಡುವೂ

ಮಾರತ್ತಹಳ್ಳಿಯ ಬಾಲಕನೊಬ್ಬನಿಗೆ ಹತ್ತನೆಯ ವಯಸ್ಸಿನಲ್ಲಿ ಒಂದು ಕಣ್ಣು ಮಂದವೆಂದು ತಿಳಿದರೆ, ಹೊತ್ತು ಮೀರಿತೆಂದು ನಾವು ಕೈಚೆಲ್ಲಬೇಕೆ? ಇದರ ಚರಿತ್ರೆಯನ್ನು ನೋಡೋಣ.

ಇಲ್ಲಿ ಸೋಮಾರಿತನವು ಕಣ್ಣಿನದಲ್ಲ. ಆ ಕಣ್ಣು ಕಳುಹಿಸುವ ಚಿತ್ರವನ್ನು ಮಿದುಳೇ ಕಡೆಗಣಿಸುತ್ತದೆ. ಒಳ್ಳೆಯ ಕಣ್ಣನ್ನು ಮುಚ್ಚಿ ಮಂದವಾದುದನ್ನು ದುಡಿಸಬೇಕೆಂದು ಫ್ರಾನ್ಸಿನ ಬ್ಯುಫೋನನು 1743ರಲ್ಲಿಯೇ ಸೂಚಿಸಿದ್ದನು. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲರು ಬೆಕ್ಕಿನ ಮರಿಗಳಲ್ಲಿ ನಡೆಸಿದ ಪ್ರಯೋಗಗಳು ದೃಷ್ಟಿ ಬೆಳೆಯಲು ಎಳೆತನವೇ ಮುಖ್ಯಕಾಲವೆಂದು ತೋರಿಸಿದುವು. ಏಳೆಂಟು ವರ್ಷ ಮೀರಿದರೆ ಚಿಕಿತ್ಸೆ ವ್ಯರ್ಥವೆಂಬ ನಂಬಿಕೆಯೂ ಬಲಿಯಿತು.

2005ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು ಅದನ್ನು ಸಡಿಲಿಸಿತು. 7ರಿಂದ 12 ವರ್ಷದವರಲ್ಲಿ ಕನ್ನಡಕದೊಡನೆ ಪಟ್ಟಿಯೂ ಅಟ್ರೊಪೀನ್ ಹನಿಯೂ ಸೇರಿದಾಗ ನೂರಕ್ಕೆ 53 ಮಂದಿ ಸುಧಾರಿಸಿದರು. ಕನ್ನಡಕವೊಂದರಿಂದಲೇ 25 ಮಂದಿ. ಬೇಗ ಕಂಡುಹಿಡಿಯುವುದೇ ಮೇಲು. ಆದರೂ 1913ರಿಂದ ಮಿಂಟೋ ಆಸ್ಪತ್ರೆಯ ಕಟ್ಟಡ ನಿಂತಿರುವ ಈ ಊರಿನಲ್ಲಿ, ತಡವಾಯಿತೆಂದು ನಾವೇ ತೀರ್ಪಿತ್ತು ಮಗುವನ್ನು ಮನೆಯಲ್ಲಿ ಕೂರಿಸಬಾರದು.