ತೆಂಕಣ ಬಾಗಿಲು

ನಮ್ಮ ಮನೆಯ ಊಟದ ಕೋಣೆಗೆ ದಕ್ಷಿಣಕ್ಕೊಂದು ಬಾಗಿಲಿತ್ತು. ಧನುರ್ಮಾಸದ ಚಳಿಯಲ್ಲಿ ಬಿಸಿಲು ಅಲ್ಲಿಂದ ನಾಲ್ಕು ಮಾರು ಒಳಗೆ ಬರುತ್ತಿತ್ತು. ನಮ್ಮತ್ತೆ ಆ ಹೊಸ್ತಿಲ ಪಕ್ಕದಲ್ಲೇ ಮಣೆ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು. ಮಾವನವರು ತೀರಿಕೊಂಡ ವರ್ಷ ಯಾರೋ ಕರೆತಂದ ವಾಸ್ತು ಪಂಡಿತರು, "ಇದು ಯಮನ ದಿಕ್ಕು, ಮೊದಲು ಮುಚ್ಚಿಸಿ" ಎಂದರು. ಹೆದರಿದ್ದೆವು, ಮುಚ್ಚಿಸಿಬಿಟ್ಟೆವು. ಅತ್ತೆ ಏನೂ ಅನ್ನಲಿಲ್ಲ. ಮರುದಿನದಿಂದ ಮೊರ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಕೂತರು. ಅನ್ನದಲ್ಲಿ ಕಲ್ಲು ಸಿಗತೊಡಗಿತು.

ಆಮೇಲೆ ಅಣ್ಣನ ಮಗಳು ನಗುವ ಬುದ್ಧನೊಬ್ಬನನ್ನು ತಂದುಕೊಟ್ಟಳು. "ಇಟ್ಕೊಳ್ಳಿ ಅತ್ತೆ, ಫೆಂಗ್‌ಶುಯಿ. ಚೀನಾದವರ ವಾಸ್ತು" ಎಂದಳು. ನಮ್ಮ ವಾಸ್ತು ಬಾಗಿಲು ಮುಚ್ಚಿಸಿತು, ಚೀನಾದ್ದು ಏನು ಹೇಳುತ್ತದೋ ನೋಡೇಬಿಡೋಣ ಎಂದು ಗ್ರಂಥಾಲಯದಿಂದ ಪುಸ್ತಕ ತಂದು ಓದಲು ಕೂತೆ.

ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಅಷ್ಟೇ! ಇದರ ಮೊದಲ ದೊಡ್ಡ ಗ್ರಂಥ ಮನೆ ಕಟ್ಟುವವರಿಗಾಗಿ ಬರೆದದ್ದಲ್ಲ, ಹೆಣ ಹೂಳುವವರಿಗಾಗಿ. ಗುವೋ ಪು (276–324) ಎಂಬ ಪಂಡಿತನ ಹೆಸರಿನಲ್ಲಿರುವ ಆ ಪುಸ್ತಕಕ್ಕೆ 'ಸಮಾಧಿಯ ಗ್ರಂಥ' ಎಂದೇ ಹೆಸರು. ಭೂಮಿಯೊಳಗೆ 'ಛೀ' ಎಂಬ ಪ್ರಾಣಶಕ್ತಿ ಹರಿಯುತ್ತದೆ. ಗಾಳಿ ಅದನ್ನು ಚದುರಿಸುತ್ತದೆ, ನೀರು ಅದನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಗಾಳಿಗೆ ಮರೆಯಿರುವ, ನೀರು ಹತ್ತಿರವಿರುವ ಜಾಗ ಹುಡುಕಬೇಕು. ಹಿರಿಯರ ಅಸ್ಥಿ ಅಂಥಲ್ಲಿ ನೆಮ್ಮದಿಯಾಗಿದ್ದರೆ ಮಕ್ಕಳು ಮೊಮ್ಮಕ್ಕಳು ಬಾಳುತ್ತಾರೆ ಎಂಬುದು ನಂಬಿಕೆ. ನಮ್ಮ ಪಿತೃಪಕ್ಷ ನೆನಪಾಯಿತು. ಸತ್ತವರ ಮನೆಗೆ ಯಿನ್, ಬದುಕಿರುವವರ ಮನೆಗೆ ಯಾಂಗ್. ಶಾಸ್ತ್ರ ಎರಡಕ್ಕೂ ಒಂದೇ.

ಪುಸ್ತಕಕ್ಕಿಂತ ಆಚಾರ ಹಳೆಯದು. 1987ರಲ್ಲಿ ಹೆನಾನ್ ಪ್ರಾಂತ್ಯದ ಪುಯಾಂಗಿನಲ್ಲಿ ಸುಮಾರು ಆರು ಸಾವಿರ ವರ್ಷದ ಹಿಂದಿನ ಗೋರಿಯೊಂದು ಸಿಕ್ಕಿತು. ಸತ್ತವನ ಪೂರ್ವಕ್ಕೆ ಚಿಪ್ಪುಗಳಿಂದ ಜೋಡಿಸಿದ ಡ್ರ್ಯಾಗನ್, ಪಶ್ಚಿಮಕ್ಕೆ ಹುಲಿ. ಫೆಂಗ್‌ಶುಯಿ ಇಂದಿಗೂ ಹೇಳುವುದು ಅದನ್ನೇ: ಪೂರ್ವದಲ್ಲಿ ಹಸಿರು ಡ್ರ್ಯಾಗನ್, ಪಶ್ಚಿಮದಲ್ಲಿ ಬಿಳಿ ಹುಲಿ, ಬೆನ್ನಿಗೆ ಉತ್ತರದಲ್ಲಿ ಕಪ್ಪು ಆಮೆ, ಎದುರಿಗೆ ದಕ್ಷಿಣದಲ್ಲಿ ಕೆಂಪು ಹಕ್ಕಿ. ಆಮೆ ಎಂದರೆ ಎತ್ತರದ ಬೆಟ್ಟ, ಡ್ರ್ಯಾಗನ್ ಮತ್ತು ಹುಲಿ ಎಂದರೆ ಎರಡು ಪಕ್ಕದ ದಿಣ್ಣೆಗಳು. ತೋಳಿರುವ ಕುರ್ಚಿಯಲ್ಲಿ ಒರಗಿ ಕೂತ ಹಾಗೆ ಮನೆ ಕೂರಬೇಕು ಅನ್ನಿ. ಮುಖ ಎತ್ತ? ದಕ್ಷಿಣಕ್ಕೆ!

ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಕಾರಣ ಕೇಳಿದರೆ ನಿಮಗೂ ಒಪ್ಪಿಗೆಯಾದೀತು. ಚಳಿಗಾಲದಲ್ಲಿ ಉತ್ತರ ಚೀನಾಕ್ಕೆ ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತದೆ, ವಸಂತದಲ್ಲಿ ಗೋಬಿ ಮರಳುಗಾಡಿನ ಹಳದಿ ಧೂಳು ಬೇರೆ. ಅತ್ತ ಬೆನ್ನು ಹಾಕಿ ಬಿಸಿಲಿಗೆ ಬಾಗಿಲು ತೆರೆದವರ ಮನೆಮಂದಿ ಬೆಚ್ಚಗಿದ್ದರು. ಚಕ್ರವರ್ತಿಯೂ ದಕ್ಷಿಣಕ್ಕೆ ಮುಖ ಮಾಡಿಯೇ ಸಿಂಹಾಸನದಲ್ಲಿ ಕೂರುತ್ತಿದ್ದ. ದಿಕ್ಸೂಚಿಯನ್ನೂ ಅವರು ಕರೆಯುವುದು 'ದಕ್ಷಿಣ ತೋರುವ ಸೂಜಿ' ಎಂದು. ಆ ಸೂಜಿ ನೇರ ದಕ್ಷಿಣಕ್ಕಲ್ಲ, ಕೊಂಚ ಪೂರ್ವಕ್ಕೆ ವಾಲುತ್ತದೆಂದು ಶೆನ್ ಕುವೋ ಎಂಬ ವಿದ್ವಾಂಸ 1088ರ ಸುಮಾರಿಗೇ ಬರೆದಿಟ್ಟ. ಫೆಂಗ್‌ಶುಯಿಯವರ ಕೈಯಲ್ಲಿರುವ 'ಲುವೋಪಾನ್' ತಟ್ಟೆಯ ನಡುವೆಯೂ ಇದೇ ಸೂಜಿ, ಸುತ್ತ ವರ್ತುಲದ ಮೇಲೆ ವರ್ತುಲ ಅಕ್ಷರಗಳು.

ಪಂಚಭೂತಗಳು ಅವರಿಗೂ ಐದೇ, ಆದರೆ ಬೇರೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಗಾಳಿ, ಆಕಾಶ ಅಲ್ಲಿಲ್ಲ. ಮರ ಬೆಂಕಿಯನ್ನು ಹೆರುತ್ತದೆ, ಬೆಂಕಿಯ ಬೂದಿ ಮಣ್ಣಾಗುತ್ತದೆ. ನೀರು ಬೆಂಕಿಯನ್ನು ಆರಿಸುತ್ತದೆ. ಒಲೆ ಮುಂದೆ ಕೂತವಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬೆಟ್ಟವಿಲ್ಲದಿದ್ದರೆ? ಅರಸನಾದವನು ಕಟ್ಟಿಸಿಕೊಳ್ಳುತ್ತಾನೆ. ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿ 1406ರಿಂದ 1420ರವರೆಗೆ ಬೀಜಿಂಗಿನ ಅರಮನೆ ಕಟ್ಟಿಸಿದಾಗ ಕಂದಕ ಅಗೆದ ಮಣ್ಣನ್ನೇ ಅರಮನೆಯ ಉತ್ತರಕ್ಕೆ ಸುರಿಸಿ ಗುಡ್ಡ ಮಾಡಿಸಿದ. ಜಿಂಗ್‌ಶಾನ್ ಎಂಬ ಆ ಗುಡ್ಡ ಈಗಲೂ ಇದೆ. ಹೊತ್ತವರ ಬೆನ್ನುಗಳ ಲೆಕ್ಕ ಯಾರಿಟ್ಟರೋ.

ಅದೇ ಯೋಂಗ್ಲೆಯ ರಾಣಿ ಷು 1407ರಲ್ಲಿ ತೀರಿಕೊಂಡಳು. ರಾಜಧಾನಿ ಆಗಿನ್ನೂ ನಾನ್‌ಜಿಂಗ್. ಅವಳನ್ನು ಅಲ್ಲಿ ಮಣ್ಣು ಮಾಡದೆ ಬೀಜಿಂಗಿನ ಉತ್ತರದಲ್ಲಿ ಜಾಗ ಹುಡುಕಿಸಿದ. ಮೂರು ಕಡೆ ಬೆಟ್ಟ, ದಕ್ಷಿಣಕ್ಕೆ ತೆರೆದ ಕಣಿವೆ. 1409ರಲ್ಲಿ ಕೆಲಸ ಶುರು, ರಾಣಿ ಮಣ್ಣಿಗಿಳಿದದ್ದು 1413ರಲ್ಲಿ. ಆರು ವರ್ಷ ಕಾದಳು, ಪಾಪ. ಮಿಂಗ್ ವಂಶದ ಹದಿಮೂರು ಚಕ್ರವರ್ತಿಗಳ ಸಮಾಧಿಗಳಿರುವ ಆ ಕಣಿವೆಗೆ ಮೊದಲು ಬಂದವಳು ಹೀಗೆ ಒಬ್ಬ ಹೆಂಗಸು.

ಇನ್ನು ನನ್ನ ನಗುವ ಬುದ್ಧ. ಅವನು ಬುದ್ಧನೇ ಅಲ್ಲ. ಬುಡಾಯ್ ಎಂಬ ಹತ್ತನೆಯ ಶತಮಾನದ ಸನ್ಯಾಸಿ. ಹೆಸರಿನ ಅರ್ಥ ಬಟ್ಟೆಚೀಲ. ಬೆಟ್ಟ ನೀರು ನೋಡುತ್ತಿದ್ದ ಹಳೆಯ ಶಾಸ್ತ್ರಕ್ಕೂ ಅಂಗಡಿಯ ಈ ಬೊಂಬೆಗೂ ಸಂಬಂಧವಿಲ್ಲ. ಹಾಗಂತ ಎಸೆಯಲಿಲ್ಲ, ಮುಖ ಚೆನ್ನಾಗಿದೆ.

ಸಂಜೆ ಅತ್ತೆಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದರು. "ಅಲ್ಲಿ ಚಳಿ ಅಂತ ದಕ್ಷಿಣಕ್ಕಿಟ್ಟರು ಅಂತೀಯಲ್ಲ, ನಂಗೂ ಚಳೀನೇ ಕಣೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಬಾಗಿಲಿನ ಚೌಕಟ್ಟು ಅಟ್ಟದ ಮೇಲೇ ಇದೆ, ಗೆದ್ದಲು ಹಿಡಿಯದ ಹಾಗೆ ನಾನೇ ವರ್ಷವರ್ಷ ಎಣ್ಣೆ ಹಚ್ಚಿಸ್ತಿದ್ದೀನಿ" ಎಂದರು.

ಗಾರೆಯವನಿಗೆ ಸೋಮವಾರ ಬರಹೇಳಿದ್ದೇನೆ.