ಬ್ಲೂ ವ್ಯಾಲೆಂಟೈನ್ (ಚಲನಚಿತ್ರ)

ಬ್ಲೂ ವ್ಯಾಲೆಂಟೈನ್ 2010ರಲ್ಲಿ ತೆರೆಕಂಡ ಅಮೆರಿಕದ ಇಂಗ್ಲಿಷ್ ಚಲನಚಿತ್ರ. ಇದನ್ನು ಡೆರೆಕ್ ಸಿಯನ್‌ಫ್ರಾನ್ಸ್ ನಿರ್ದೇಶಿಸಿದ್ದಾರೆ. ರಯಾನ್ ಗಾಸ್ಲಿಂಗ್ ಮತ್ತು ಮಿಶೆಲ್ ವಿಲಿಯಮ್ಸ್ ಮುಖ್ಯ ಪಾತ್ರಗಳಲ್ಲಿ ಅಭಿನಯಿಸಿದ್ದು, ಇಬ್ಬರೂ ಚಿತ್ರದ ಕಾರ್ಯಕಾರಿ ನಿರ್ಮಾಪಕರೂ ಹೌದು. ದಂಪತಿಗಳಿಬ್ಬರು ಪರಸ್ಪರ ಒಲಿದ ದಿನಗಳನ್ನು ಮತ್ತು ಅವರ ದಾಂಪತ್ಯ ಮುರಿದುಬೀಳುವ ದಿನಗಳನ್ನು ಚಿತ್ರವು ಒಂದರ ಪಕ್ಕದಲ್ಲಿ ಒಂದಿಟ್ಟು ತೋರಿಸುತ್ತದೆ. ಈ ಪಾತ್ರಕ್ಕಾಗಿ ವಿಲಿಯಮ್ಸ್ ಅವರು ಅತ್ಯುತ್ತಮ ನಟಿ ವಿಭಾಗದಲ್ಲಿ ಅಕಾಡೆಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು.

ಕಥಾವಸ್ತು

ಡೀನ್ ಮನೆಗಳಿಗೆ ಬಣ್ಣ ಬಳಿಯುವ ಕೆಲಸಗಾರ. ಅವನ ಹೆಂಡತಿ ಸಿಂಡಿ ನರ್ಸ್. ಮಗಳು ಫ್ರ್ಯಾಂಕಿಯೊಂದಿಗೆ ಅವರು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವಾಸಿಸುತ್ತಿದ್ದಾರೆ. ಕಾಣೆಯಾಗಿದ್ದ ಸಾಕುನಾಯಿಯು ರಸ್ತೆಬದಿಯಲ್ಲಿ ಸತ್ತುಬಿದ್ದಿರುವುದು ಸಿಂಡಿಯ ಕಣ್ಣಿಗೆ ಬೀಳುತ್ತದೆ. ಮನಸ್ಸನ್ನು ಹಗುರ ಮಾಡಿಕೊಂಡು ಹಳೆಯ ಪ್ರೀತಿಯನ್ನು ಮರಳಿ ಪಡೆಯೋಣವೆಂದು ಡೀನ್ ಒಂದು ಮೋಟೆಲಿನಲ್ಲಿ ಕೋಣೆ ಕಾದಿರಿಸುತ್ತಾನೆ. ಮಗಳನ್ನು ಸಿಂಡಿಯ ತಂದೆಯ ಮನೆಯಲ್ಲಿ ಬಿಟ್ಟು ಇಬ್ಬರೂ ಅಲ್ಲಿಗೆ ಹೋಗುತ್ತಾರೆ. ದಾರಿಯಲ್ಲಿ ಸಿಂಡಿಗೆ ತನ್ನ ಹಿಂದಿನ ಪ್ರಿಯಕರ ಬಾಬಿ ಎದುರಾಗುತ್ತಾನೆ. ಈ ಸಂಗತಿ ಕಾರಿನಲ್ಲಿ ಜಗಳಕ್ಕೆ ಕಾರಣವಾಗುತ್ತದೆ. ಮೋಟೆಲಿನಲ್ಲಿ ಕಳೆದ ರಾತ್ರಿಯು ಅವರನ್ನು ಹತ್ತಿರ ತರುವ ಬದಲು ಇನ್ನಷ್ಟು ದೂರ ಮಾಡುತ್ತದೆ.

ಈ ಘಟನೆಗಳ ನಡುನಡುವೆ ಕೆಲವು ವರ್ಷಗಳ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತದೆ. ಆಗ ಡೀನ್ ಮನೆಸಾಮಾನು ಸಾಗಿಸುವ ಸಂಸ್ಥೆಯೊಂದರಲ್ಲಿ ಕೂಲಿಯಾಳು. ಸಿಂಡಿ ವೈದ್ಯೆಯಾಗುವ ಆಸೆ ಹೊತ್ತ ವಿದ್ಯಾರ್ಥಿನಿ. ವೃದ್ಧಾಶ್ರಮಕ್ಕೆ ಮುದುಕರೊಬ್ಬರ ಸಾಮಾನು ಸಾಗಿಸಲು ಹೋದ ಡೀನ್, ಅಜ್ಜಿಯನ್ನು ಕಾಣಲು ಬಂದಿದ್ದ ಸಿಂಡಿಯನ್ನು ಭೇಟಿಯಾಗುತ್ತಾನೆ. ಅವಳು ಗರ್ಭಿಣಿಯಾದಾಗ ಮಗು ಬಹುಶಃ ಬಾಬಿಯದೆಂದು ತಿಳಿದೂ ಡೀನ್ ಅವಳ ಕೈಬಿಡುವುದಿಲ್ಲ. ಗರ್ಭಪಾತಕ್ಕೆಂದು ಹೋದ ಸಿಂಡಿ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸುತ್ತಾಳೆ, ಇಬ್ಬರೂ ಮದುವೆಯಾಗುತ್ತಾರೆ.

ವರ್ತಮಾನದಲ್ಲಿ, ಮುಂಜಾನೆಯೇ ಆಸ್ಪತ್ರೆಯಿಂದ ಕರೆ ಬಂದು ಸಿಂಡಿ ಮೋಟೆಲಿನಿಂದ ಹೊರಡುತ್ತಾಳೆ. ಕುಡಿದ ಅಮಲಿನಲ್ಲಿ ಡೀನ್ ಅಲ್ಲಿಗೂ ಬಂದು ವೈದ್ಯರ ಮೇಲೆ ಕೈಮಾಡುತ್ತಾನೆ. ಸಿಂಡಿ ಕೆಲಸ ಕಳೆದುಕೊಳ್ಳುತ್ತಾಳೆ. ಹೊರಗೆ ಬಂದು ಮದುವೆಯ ಉಂಗುರವನ್ನು ಪೊದೆಗಳತ್ತ ಎಸೆದ ಡೀನ್, ಮರುಗಳಿಗೆಯಲ್ಲೇ ಅದನ್ನು ಹುಡುಕತೊಡಗುತ್ತಾನೆ. ಸಿಂಡಿಯ ತಂದೆಯ ಮನೆಯಲ್ಲಿ ನಡೆಯುವ ಕೊನೆಯ ಮಾತುಕತೆಯನ್ನು ಅವರ ಮದುವೆಯ ದೃಶ್ಯಗಳೊಂದಿಗೆ ಹೆಣೆಯಲಾಗಿದೆ. ಅಮೆರಿಕದ ಸ್ವಾತಂತ್ರ್ಯ ದಿನದ ಸಿಡಿಮದ್ದುಗಳ ಸದ್ದಿನ ನಡುವೆ, ಹಿಂದೆ ಓಡಿಬರುವ ಮಗಳನ್ನು ಮರಳಿ ಕಳುಹಿಸಿ ಡೀನ್ ನಡೆದುಹೋಗುತ್ತಾನೆ.

ಪಾತ್ರವರ್ಗ

• ರಯಾನ್ ಗಾಸ್ಲಿಂಗ್ – ಡೀನ್
• ಮಿಶೆಲ್ ವಿಲಿಯಮ್ಸ್ – ಸಿಂಡಿ
• ಫೇತ್ ವ್ಲಾಡಿಕಾ – ಮಗಳು ಫ್ರ್ಯಾಂಕಿ
• ಮೈಕ್ ವೋಗೆಲ್ – ಬಾಬಿ
• ಜಾನ್ ಡೋಮನ್ – ಸಿಂಡಿಯ ತಂದೆ
• ಬೆನ್ ಶೆಂಕ್‌ಮನ್ – ವೈದ್ಯ ಫೀನ್‌ಬರ್ಗ್

ನಿರ್ಮಾಣ

ಸಿಯನ್‌ಫ್ರಾನ್ಸ್ ಇಪ್ಪತ್ತರ ಹರೆಯದಲ್ಲಿದ್ದಾಗ ಅವರ ತಂದೆ-ತಾಯಿ ವಿಚ್ಛೇದನ ಪಡೆದರು. ಬಾಲ್ಯದಿಂದಲೂ ತಮ್ಮನ್ನು ಕಾಡಿದ್ದ ಆ ಭಯವನ್ನು ನೇರವಾಗಿ ಎದುರಿಸುವ ಪ್ರಯತ್ನವಾಗಿ ಅವರು ಈ ಚಿತ್ರವನ್ನು ರೂಪಿಸಿದರು. 1998ರ 'ಬ್ರದರ್ ಟೈಡ್' ನಂತರ ಇದು ಅವರ ಎರಡನೆಯ ಕಥಾಚಿತ್ರ. ಜೋಯಿ ಕರ್ಟಿಸ್ ಮತ್ತು ಕ್ಯಾಮಿ ಡೆಲವೀನ್ ಅವರೊಂದಿಗೆ ಬರೆದ ಚಿತ್ರಕಥೆಯು ಸುಮಾರು 12 ವರ್ಷಗಳ ಕಾಲ ಹಲವು ಬಾರಿ ತಿದ್ದುಪಡಿಗೆ ಒಳಗಾಯಿತು.

ಮೊದಲು ಭೂತಕಾಲದ ಭಾಗವನ್ನು ಚಿತ್ರೀಕರಿಸಲಾಯಿತು. ಬಳಿಕ ಚಿತ್ರೀಕರಣಕ್ಕೆ ಸುಮಾರು ಒಂದು ತಿಂಗಳು ಬಿಡುವು ನೀಡಲಾಯಿತು. ಆ ಅವಧಿಯಲ್ಲಿ ಗಾಸ್ಲಿಂಗ್ ಮತ್ತು ವಿಲಿಯಮ್ಸ್ ಒಂದೇ ಮನೆಯಲ್ಲಿ ಸಂಸಾರದ ದಿನಚರಿಯನ್ನು ಅಭ್ಯಾಸ ಮಾಡಿದರು. ದಿನಸಿ ತರುವುದು, ಅಡುಗೆ ಮಾಡುವುದು, ಪಾತ್ರಗಳ ಆದಾಯಕ್ಕೆ ತಕ್ಕಂತೆ ಮನೆಖರ್ಚು ಲೆಕ್ಕಹಾಕುವುದು, ಜಗಳವಾಡುವುದು ಇವೆಲ್ಲವೂ ಅದರ ಭಾಗವಾಗಿದ್ದವು. ವರ್ತಮಾನದ ದೃಶ್ಯಗಳನ್ನು ಇದಾದ ನಂತರವೇ ಚಿತ್ರೀಕರಿಸಲಾಯಿತು. ಅನೇಕ ಸಂಭಾಷಣೆಗಳನ್ನು ನಟರು ಸ್ಥಳದಲ್ಲೇ ರೂಪಿಸಿಕೊಂಡರು.

ಶೈಲಿ ಮತ್ತು ನಿರೂಪಣೆ

ಛಾಯಾಗ್ರಾಹಕ ಆಂಡ್ರಿ ಪಾರೇಖ್ ಎರಡು ಕಾಲಘಟ್ಟಗಳಿಗೆ ಎರಡು ಬಗೆಯ ದೃಶ್ಯರೂಪ ನೀಡಿದ್ದಾರೆ. ಭೂತಕಾಲವನ್ನು 16 ಮಿ.ಮೀ. ಫಿಲ್ಮ್‌ನಲ್ಲಿ, ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಸೆರೆಹಿಡಿಯಲಾಗಿದೆ. ಪ್ರೇಮಿಗಳಿಬ್ಬರೂ ಹೆಚ್ಚಾಗಿ ಒಂದೇ ಚೌಕಟ್ಟಿನಲ್ಲಿ ಕಾಣಿಸಿಕೊಳ್ಳುತ್ತಾರೆ. ವರ್ತಮಾನವನ್ನು ಡಿಜಿಟಲ್ ಕ್ಯಾಮೆರಾಗಳಲ್ಲಿ, ದೂರದಿಂದ ಮುಖಗಳನ್ನು ಹತ್ತಿರಕ್ಕೆಳೆಯುವ ಮಸೂರಗಳ ಮೂಲಕ ಚಿತ್ರೀಕರಿಸಲಾಗಿದೆ. ಇಲ್ಲಿ ಇಬ್ಬರೂ ಬಹುತೇಕ ಬೇರೆ ಬೇರೆ ಚೌಕಟ್ಟುಗಳಲ್ಲಿ ಉಳಿಯುತ್ತಾರೆ.

ಮದುವೆ ಮತ್ತು ಅದರ ಅಂತ್ಯದ ನಡುವಿನ ವರ್ಷಗಳನ್ನು ಚಿತ್ರ ತೋರಿಸುವುದೇ ಇಲ್ಲ. ಹೀಗಾಗಿ ದಾಂಪತ್ಯ ಒಡೆಯಲು ಇಂಥದ್ದೇ ಕಾರಣವೆಂದು ಬೆರಳು ತೋರಿಸಲು ಸಾಧ್ಯವಾಗುವುದಿಲ್ಲ. ಮೊದಲ ಭೇಟಿಯಲ್ಲಿ ಸಿಂಡಿಯನ್ನು ಸೆಳೆದ ಡೀನ್‌ನ ಹುಡುಗಾಟಿಕೆಯೇ ಮುಂದೆ ಅವಳಿಗೆ ಹೊಣೆಗೇಡಿತನವಾಗಿ ಕಾಣುತ್ತದೆ. ಗಂಡನೂ ತಂದೆಯೂ ಆಗಿದ್ದರೆ ಸಾಕೆಂಬುದು ಡೀನ್‌ನ ನಿಲುವು. ಅವನಲ್ಲಿರುವ ಪ್ರತಿಭೆ ವ್ಯರ್ಥವಾಗುತ್ತಿದೆಯೆಂಬುದು ಸಿಂಡಿಯ ಕೊರಗು. ಮಗಳ ಮೇಲಿನ ಪ್ರೀತಿಯಲ್ಲಿ ಮಾತ್ರ ಇಬ್ಬರ ನಡುವೆ ಭಿನ್ನಾಭಿಪ್ರಾಯವಿಲ್ಲ.

ಸಂಗೀತ

ಚಿತ್ರದಲ್ಲಿ 'ಗ್ರಿಜ್ಲಿ ಬೇರ್' ತಂಡದ ಸಂಗೀತವನ್ನು ಬಳಸಲಾಗಿದೆ. ಅಂಗಡಿಯೊಂದರ ಮುಂದೆ ಡೀನ್ ಯೂಕಲೇಲಿ ನುಡಿಸುತ್ತಾ ಹಾಡುವ, ಸಿಂಡಿ ಕುಣಿಯುವ ದೃಶ್ಯದಲ್ಲಿ ಗಾಸ್ಲಿಂಗ್ ಸ್ವತಃ ಹಾಡಿದ್ದಾರೆ. ಪ್ರೀತಿಸಿದವರನ್ನೇ ನೋಯಿಸುವ ಸ್ವಭಾವದ ಕುರಿತ ಆ ಹಳೆಯ ಗೀತೆ ಕಥೆಯ ಮುನ್ಸೂಚನೆಯಂತಿದೆ. ದಂಪತಿಗಳು ತಮ್ಮದೆಂದು ಆರಿಸಿಕೊಳ್ಳುವ 'ಯು ಅಂಡ್ ಮಿ' ಗೀತೆಯನ್ನು ಹಾಡಿದ್ದು 'ಪೆನ್ನಿ ಅಂಡ್ ದ ಕ್ವಾರ್ಟರ್ಸ್' ಎಂಬ ಅಜ್ಞಾತ ತಂಡ. ಚಿತ್ರದಿಂದ ಹಾಡು ಜನಪ್ರಿಯವಾದ ಮೇಲಷ್ಟೇ ಗಾಯಕರ ಗುರುತು ಪತ್ತೆಯಾಯಿತು.

ಬಿಡುಗಡೆ ಮತ್ತು ಪ್ರಮಾಣಪತ್ರ ವಿವಾದ

ಚಿತ್ರವು 2010ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದೇ ವರ್ಷ ಕಾನ್ ಚಲನಚಿತ್ರೋತ್ಸವದ 'ಅನ್ ಸರ್ಟೆನ್ ರಿಗಾರ್ಡ್' ವಿಭಾಗದಲ್ಲೂ ಪ್ರದರ್ಶನಗೊಂಡಿತು. ಒಂದು ಲೈಂಗಿಕ ದೃಶ್ಯದ ಕಾರಣದಿಂದ ಅಮೆರಿಕದ ಚಲನಚಿತ್ರ ಸಂಘವು ಅದಕ್ಕೆ ಅತ್ಯಂತ ಕಠಿಣವಾದ 'ಎನ್‌ಸಿ-17' ದರ್ಜೆ ನೀಡಿತು. ಈ ದರ್ಜೆಯ ಚಿತ್ರಗಳನ್ನು ಅನೇಕ ಚಿತ್ರಮಂದಿರಗಳು ಪ್ರದರ್ಶಿಸುವುದಿಲ್ಲವಾದ್ದರಿಂದ ವಿತರಕರು ಮೇಲ್ಮನವಿ ಸಲ್ಲಿಸಿದರು. ಹೆಣ್ಣಿನ ಲೈಂಗಿಕ ಸುಖವನ್ನು ತೋರಿಸುವ ದೃಶ್ಯಗಳಿಗೆ ಬೇರೆಯೇ ಮಾನದಂಡ ಅನ್ವಯಿಸಲಾಗುತ್ತಿದೆ ಎಂದು ಗಾಸ್ಲಿಂಗ್ ಬಹಿರಂಗವಾಗಿ ಟೀಕಿಸಿದರು. 2010ರ ಡಿಸೆಂಬರಿನಲ್ಲಿ ಯಾವ ದೃಶ್ಯವನ್ನೂ ಕತ್ತರಿಸದೆ ಚಿತ್ರಕ್ಕೆ 'ಆರ್' ದರ್ಜೆ ದೊರೆಯಿತು. ಡಿಸೆಂಬರ್ 29ರಂದು ಅದು ಅಮೆರಿಕದಲ್ಲಿ ಬಿಡುಗಡೆಯಾಯಿತು.

ಪ್ರಶಸ್ತಿ ಮತ್ತು ನಾಮನಿರ್ದೇಶನಗಳು

83ನೆಯ ಅಕಾಡೆಮಿ ಪ್ರಶಸ್ತಿಗಳಲ್ಲಿ ವಿಲಿಯಮ್ಸ್ ನಾಮನಿರ್ದೇಶನ ಪಡೆದರಾದರೂ ಪ್ರಶಸ್ತಿ 'ಬ್ಲ್ಯಾಕ್ ಸ್ವಾನ್' ಚಿತ್ರದ ನಟಿ ನಟಾಲಿ ಪೋರ್ಟ್‌ಮನ್ ಅವರ ಪಾಲಾಯಿತು. ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ಗಾಸ್ಲಿಂಗ್ ಮತ್ತು ವಿಲಿಯಮ್ಸ್ ಇಬ್ಬರೂ ನಾಮನಿರ್ದೇಶನಗೊಂಡಿದ್ದರು.